ಭೂಮದ ಹಾಡಿನ ವಿಚಾರಣೆ

ಪಿಂಚಣಿಯ ಯಾವುದೋ ಸಹಿಗೆಂದು ಹೋದ ತಿಂಗಳು ರಾಯಚೂರಿನ ನನ್ನ ಹಳೆಯ ಕಚೇರಿಗೆ ಹೋಗಿದ್ದೆ. ನಾನು ಕೂರುತ್ತಿದ್ದ ಕುರ್ಚಿಯಲ್ಲಿ ಈಗ ಒಬ್ಬ ಹುಡುಗಿ ಕೂತಿದ್ದಾಳೆ. ಧೈರ್ಯದ ಹುಡುಗಿ. ನನ್ನನ್ನು ಕಂಡವಳೇ ಎದ್ದು ಕುರ್ಚಿ ಕೊಟ್ಟಳು, ಚಹಾ ತರಿಸಿದಳು, ಆಮೇಲೆ ಕೇಳಿದಳು: "ಮೇಡಂ, ಈ ಕೆಲಸದಾಗ ಅಂಥಾದ್ದೇನು ಕಷ್ಟ ಅದರಿ? ಕುಂತು ಟೀವಿ ನೋಡೋದು, ಯಾವುದು ಸಭ್ಯ ಯಾವುದು ಅಸಭ್ಯ ಅಂತ ಬರೆಯೋದು. ಅಷ್ಟ ಅಲ್ಲೇನ್ರಿ?" ಚಹಾಕ್ಕೆ ನಾಲಿಗೆ ಸುಟ್ಟ ನೆವ ಮಾಡಿ ಉತ್ತರ ಕೊಡದೆ ಬಂದೆ. ಮನೆಗೆ ಬಂದ ಮೇಲೆ ಸಮಾಧಾನವಾಗಲಿಲ್ಲ. ಅವಳಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೆಲಸದ ಹೆಸರೇನೋ ದೊಡ್ಡದು. ಜಿಲ್ಲೆಯ ಕೇಬಲ್ ಚಾನೆಲ್ಲುಗಳಲ್ಲಿ ಏನು ಬರುತ್ತದೆ ಎಂದು ಕಣ್ಣಿಡುವುದು, ದೂರು ಬಂದರೆ ಆ ಕಾರ್ಯಕ್ರಮದ ಪ್ರತಿ ತರಿಸಿ, ಅದರೊಳಗಿನ ಮಾತನ್ನೆಲ್ಲ ಬರೆದಿಳಿಸಿ ಸಮಿತಿಯ ಮುಂದಿಡುವುದು. ಸಮಿತಿ ಎಂದರೆ ಒಬ್ಬರು ಹಿರಿಯ ಅಧಿಕಾರಿ, ಪೊಲೀಸರ ಪರವಾಗಿ ಒಬ್ಬರು, ಮಹಿಳಾ ಕಾಲೇಜಿನ ಪ್ರಿನ್ಸಿಪಾಲರು, ಸಮಾಜದ ಹಿರಿಯರೆಂದು ಒಬ್ಬರು. ಶಿಕ್ಷೆ ಅವರ ಕೈಯಲ್ಲಿ, ಕೇಳುವ ಕರ್ಮ ನನ್ನದು. ಉಗ್ರಾಣದ ಕೋಣೆಯಲ್ಲಿ ಹಳೆಯ ಪ್ರಚಾರ ಫಲಕಗಳ ನಡುವೆ ಒಂದು ಟೀವಿ ಇಟ್ಟುಕೊಟ್ಟಿದ್ದರು. ಬಾಗಿಲು ಮುಚ್ಚಿಕೊಂಡರೆ ಮದುವೆಯಾದ ಹೆಂಗಸು ಒಳಗೆ ಕೂತು ಏನೇನೋ ನೋಡುತ್ತಾಳೆ ಎಂದು ಮುಸಿಮುಸಿ ನಗು. ತೆರೆದಿಟ್ಟರೆ "ಮೇಡಂ, ಮಂದಿ ನಿಂತು ನೋಡಾಕತ್ತಾರ" ಎಂದು ಜವಾನನ ದೂರು. ಕೊನೆಗೆ ಅರ್ಧ ತೆರೆದು ಬಾಗಿಲಿಗೆ ಒಂದು ಇಟ್ಟಿಗೆ ಕೊಟ್ಟೆ. ಆ ಇಟ್ಟಿಗೆ ಈಗಲೂ ಅಲ್ಲೇ ಇದೆ, ಮೊನ್ನೆ ನೋಡಿದೆ.

ನಾನು ಹುಟ್ಟಾ ಅಂಜುಬುರುಕಿ. ಉಪ್ಪಿನಕಾಯಿ ಭರಣಿಗೆ ಕೈಹಾಕುವಾಗಲೂ ನಾಲ್ಕು ಸಲ ಕೈ ಒರೆಸಿಕೊಳ್ಳುವ ಜಾತಿ. ಅಂಥವಳಿಗೆ ಈ ಕೆಲಸ ಬಂತು. ಬಿಟ್ಟರೆ ಊರು ಕೆಟ್ಟಿತು ಎನ್ನುವವರು ಒಂದು ಕಡೆ, ಹಿಡಿದರೆ ಯಾರದೋ ಹೊಟ್ಟೆಯ ಮೇಲೆ ಹೊಡೆದಂತೆ ಎನ್ನುವ ಹೆದರಿಕೆ ಇನ್ನೊಂದು ಕಡೆ. ನೌಕರಿಯುದ್ದಕ್ಕೂ ನನಗೆ ಊಟದ ಹೊತ್ತಿಗೆ ಫೋನು ಬಡಿದುಕೊಂಡರೆ ಕೈಯಲ್ಲಿನ ತುತ್ತು ತಟ್ಟೆಗೇ ಮರಳುತ್ತಿತ್ತು. ಈಗಲೂ ಅಷ್ಟೇ.

ನನ್ನ ಮೊದಲ ಮೇಲಧಿಕಾರಿ ಕುಲಕರ್ಣಿ ಸಾಹೇಬರು. ಅವರದೊಂದೇ ಪಾಠ. "ಅಸಹ್ಯ ಆಗಿತ್ತು ಅಂತ ಬರದ್ರ ನಡಿಯಂಗಿಲ್ಲ. ಶಬ್ದ ಬೇಕು. ಯಾವ ಶಬ್ದ, ಯಾರ ಬಾಯಾಗ, ಯಾರ ಮುಂದ." ಹೇಳುವುದು ಸುಲಭ. ದೂರು ಕೊಡುವವರು ದೇವರಂಥ ಮಂದಿ, ಮೈತುಂಬ ವಿಭೂತಿ, ಇಲ್ಲವೆ ಮಂಡೆಗೆ ಟೋಪಿ. ಆ ಶಬ್ದವನ್ನು ಅವರು ಬರೆಯುವುದಾದರೂ ಹೇಗೆ? ಬರೆದರೆ ಕೈ ಮೈಲಿಗೆ. ಹೀಗಾಗಿ ದೂರಿನ ತುಂಬ ಬರೀ ಚುಕ್ಕಿಗಳು. 'ಸದರಿ ಕಾರ್ಯಕ್ರಮದಲ್ಲಿ ನಟಿಯು' ಎಂದು ಬರೆದು ಒಂದು ಸಾಲು ಚುಕ್ಕಿ, 'ಆಗ ನಾಯಕನು' ಎಂದು ಮತ್ತೊಂದು ಸಾಲು. ಅದನ್ನು ಹಿಡಿದು ನಾನು ಟೀವಿ ನೋಡಿ ಚುಕ್ಕಿ ತುಂಬಬೇಕು. ಹೊಸಬರೇ, ಈ ಕೆಲಸದಲ್ಲಿ ಮೊದಲು ಕಲಿಯಬೇಕಾದದ್ದು ಇದು: ಜನ ನಾಚಿ ಬಿಟ್ಟದ್ದನ್ನು ನೀವು ನಾಚದೆ ಬರೆಯಬೇಕು, ಬರೆದ ಮೇಲೆ ಮನೆಗೆ ಹೋಗಿ ರೊಟ್ಟಿ ಬಡಿಯಬೇಕು.

ನಾನು ಸೇರಿದಾಗ ಕ್ಯಾಸೆಟ್ಟು. ಹಿಂದೆ ತಿರುಗಿಸಿ ಮುಂದೆ ತಿರುಗಿಸಿ ಟೇಪೇ ಸುರುಳಿ ಬಿದ್ದು ಸಾಕ್ಷಿಯೇ ಹಾಳಾಗುತ್ತಿತ್ತು. ಆಮೇಲೆ ಸಿ.ಡಿ. ಬಂತು, ಪೆನ್ ಡ್ರೈವ್ ಬಂತು. ಕೊನೆಕೊನೆಗೆ ಮೊಬೈಲ್ ಬಂತು ನೋಡಿ, ನನ್ನ ಕೆಲಸದ ಅರ್ಥವೇ ಹೋಯಿತು. ಕೇಬಲ್ಲಿನವನ ಯಂತ್ರಕ್ಕೆ ಬೀಗ ಹಾಕಬಹುದು, ಊರ ಮಂದಿಯ ಜೇಬಿಗೆ ಯಾರು ಹಾಕುತ್ತಾರೆ?

ಮಾನ್ವಿಯಲ್ಲಿ ವೀರೇಶ ಎನ್ನುವ ಹುಡುಗನ ಒಂದು ಚಾನೆಲ್ಲಿತ್ತು. ಬಾಡಿಗೆಯ ಕೋಣೆ, ಒಂದು ಕ್ಯಾಮರಾ, ಮದುವೆ, ಮುಂಜಿ, ಭತ್ತದ ಧಾರಣೆ. ಬಹಳ ವಿನಯದ ಹುಡುಗ, ಹೇಳಿದ್ದನ್ನು ಹೇಳಿದಂತೆಯೇ ಮಾಡುವವನು. ಅದೇ ಅವನ ರೋಗ. ಒಮ್ಮೆ ಅವನ ಚಾನೆಲ್ಲಿನಲ್ಲಿ ಗುಪ್ತರೋಗದ ವೈದ್ಯನೊಬ್ಬ ಸಂಜೆ ಹೊತ್ತು ಮಂದಿಯ ಫೋನಿಗೆ ಉತ್ತರ ಕೊಡತೊಡಗಿದ. ಮಠದ ಭಕ್ತರು, ಮಸೀದಿಯ ಹಿರಿಯರು, ಚರ್ಚಿನ ಫಾದರು, ಎಲ್ಲರೂ ಒಂದೇ ಮನವಿಗೆ ಸಹಿ ಹಾಕಿ ಬಂದರು. ಮೂವರನ್ನೂ ಒಂದೇ ಬೆಂಚಿನ ಮೇಲೆ ನಾನು ನೋಡಿದ್ದು ಅದೇ ಮೊದಲು. ಅಸಭ್ಯವಾದದ್ದನ್ನು ಮಸುಕು ಮಾಡಿ ತೋರಿಸಬೇಕೆಂದು ಸಮಿತಿ ಹೇಳಿತು. ಮರುದಿನ ನೋಡಿದರೆ ವೀರೇಶ ವೈದ್ಯನ ಮುಖ ಮಸುಕು ಮಾಡಿದ್ದಾನೆ, ಮಾತೆಲ್ಲ ಹಾಗೇ ಇದೆ. ಫೋನು ಮಾಡಿ ಬೈದರೆ, "ಮೇಡಂ, ಆ ಕಾರ್ಯಕ್ರಮದಾಗ ಕಾಣಸೋದು ಅವ್ನ ಒಬ್ಬಾವ ಅಲ್ಲೇನ್ರಿ" ಎಂದ. ನಗಬೇಕೋ ಅಳಬೇಕೋ. ಕೊನೆಗೆ ವೈದ್ಯನೇ ಊರು ಬಿಟ್ಟ.

ಇನ್ನೊಂದು ಪ್ರಸಂಗ ನಗುವಂಥದ್ದಲ್ಲ. ದೇವಸುಗೂರಿನ ನದಿ ದಂಡೆಯಿಂದ ಒಂದು ಚಾನೆಲ್ ಅಮಾವಾಸ್ಯೆಯ ಸ್ನಾನವನ್ನು ನೇರವಾಗಿ ತೋರಿಸಿತು. ಹಿನ್ನೆಲೆಯಲ್ಲಿ ಭಜನೆ. ಕ್ಯಾಮರಾದವನ ಕಣ್ಣು ಮಾತ್ರ ದೇವರ ಕಡೆ ಇರಲಿಲ್ಲ. ಒದ್ದೆ ಸೀರೆಯಲ್ಲಿ ನೀರಿನಿಂದ ಏಳುವ ಹೆಂಗಸರು, ಸೀರೆ ಹಿಂಡುವ ಹುಡುಗಿಯರು, ಅದೇ, ಅದೇ, ಮತ್ತೆ ಅದೇ. ಒಂದೇ ಒಂದು ದೂರು ಬರಲಿಲ್ಲ. ನಾನೇ ಬರೆದು ಒಯ್ದರೆ ಆಗಿನ ಸಾಹೇಬರು ಕನ್ನಡಕ ಕೆಳಗಿಳಿಸಿ, "ದೇವರ ಕಾರ್ಯಕ್ರಮದ ಮ್ಯಾಲ ದೂರು ಬರೀತೀರೇನ್ರಿ?" ಎಂದರು.

ಆ ದಿನ ನನ್ನ ಬೆನ್ನಿಗೆ ನಿಂತವರು ಒಬ್ಬರೇ. ಸಮಿತಿಯಲ್ಲಿ ಸಮಾಜದ ಹಿರಿಯರೆಂದು ಇದ್ದ ಪೋತ್ನಾಳದ ಶರಣಪ್ಪ ಸಾವ್ಕಾರರು. ಅಕ್ಕಿ ಗಿರಣಿಯವರು, ದೊಡ್ಡ ಶಿವಭಕ್ತರು, ಲಿಂಗಪೂಜೆ ಆಗದೆ ಹನಿ ನೀರು ಕುಡಿಯದವರು. ಸಿನಿಮಾ ಹಾಡು ಎಂದರೆ ಬೆಂಕಿಯಾಗುತ್ತಿದ್ದರು. ಬರೀ ಎಚ್ಚರಿಕೆ ಕೊಟ್ಟು ಬಿಡುವುದು ಅವರಿಗೆ ಆಗದು, ಯಂತ್ರ ಜಪ್ತಿಯಾಗಬೇಕು, ಕೇಸು ಆಗಬೇಕು. ಆದರೆ ಅವತ್ತು ಮೇಜು ಕುಟ್ಟಿ ಹೇಳಿದ್ದು ಅವರೇ: "ಭಜನಿ ಹಚ್ಚಿದ ಮಾತ್ರಕ್ಕ ಅದು ಭಕ್ತಿ ಆಗ್ತದೇನ್ರಿ? ಅಕ್ಕೋರು ಬರದದ್ದು ಖರೇ ಅದ. ಅವನ ಕ್ಯಾಮರಾ ಕಸಗೋರಿ." ಕಸಿದುಕೊಂಡರು. ಅವರನ್ನು ಬರೀ ಮಡಿವಂತರು ಎಂದು ತಳ್ಳಿಹಾಕುವುದು ನನ್ನಿಂದ ಆಮೇಲೆ ಆಗಲಿಲ್ಲ. ಮುಂದೆ ಅವರೇ ನನ್ನ ನಿದ್ದೆ ಕೆಡಿಸಿದರು, ಆ ಮಾತು ಬೇರೆ.

ಈಗ ಹನುಮವ್ವನ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವುದಕ್ಕೇ ಇಷ್ಟೆಲ್ಲ ಸುತ್ತು ಹಾಕಿದ್ದು.

ನಮ್ಮ ಕಡೆಯ ಮದುವೆಯಲ್ಲಿ ಭೂಮದ ಊಟ ಎಂದು ಒಂದಿದೆ. ಮದುಮಕ್ಕಳು, ಎರಡೂ ಕಡೆಯ ಬೀಗತಿಯರು ಒಂದೇ ದೊಡ್ಡ ಎಡೆಯ ಸುತ್ತ ಕೂತು ಉಣ್ಣುತ್ತಾರೆ. ಉಣ್ಣುವ ಮೊದಲು ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಡೆಯ ಬೀಗರನ್ನು ಹೆಸರು ಹಿಡಿದು ಹಾಡಿನಲ್ಲಿ ಬೈಯುತ್ತಾರೆ. ಬೀಗನ ಮೀಸೆ, ಬೀಗತಿಯ ಜಿಪುಣತನ, ಅಲ್ಲಿಂದ ಮೆಲ್ಲಗೆ ಹಾಸಿಗೆಯವರೆಗೂ ಹಾಡು ಹೋಗುತ್ತದೆ. ಗಂಡಸರು ಹೊರಗೆ ಚಪ್ಪರದಲ್ಲಿ ಕೂತು ಕೇಳಿಸದವರಂತೆ ಎಲೆ ಅಡಿಕೆ ಹಾಕುತ್ತಾರೆ. ಹೆಸರು ಹಿಡಿಸಿಕೊಂಡ ಬೀಗ ಕೊನೆಗೆ ಹಾಡಿದವಳಿಗೆ ಎಲೆ ಅಡಿಕೆಯ ಜತೆ ಒಂದು ಕುಬಸದ ಕಣ, ಅಂದರೆ ರವಿಕೆ ಬಟ್ಟೆ, ಕಳಿಸಬೇಕು. ಕಳಿಸಿದರೆ ಅದು ಹಾಡು. ಕಳಿಸದಿದ್ದರೆ ಬೈಗುಳ, ಬೀಗರಿಗೆ ಬೀಗರು ಮುನಿದರು ಎಂದೇ ಅರ್ಥ.

ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಗೌಡರ ಹಿರಿಯ ಮಗನಿಗೆ ಮಾನ್ವಿಯ ವ್ಯಾಪಾರಿಯ ಮಗಳನ್ನು ತಂದರು. ಗಂಡಿನ ಕಡೆಯಿಂದ ಹಾಡಲು ಬಂದವಳು ಹನುಮವ್ವ. ಗೌಡರ ಹೊಲದಲ್ಲಿ ಕಳೆ ಕೀಳುವ, ಹತ್ತಿ ಬಿಡಿಸುವ ವಯಸ್ಸಾದ ಹೆಂಗಸು. ಸುತ್ತಲಿನ ಊರುಗಳಲ್ಲಿ ಅವಳ ಹಾಡಿಲ್ಲದೆ ಭೂಮಕ್ಕೆ ಕೈ ಹಚ್ಚುತ್ತಿರಲಿಲ್ಲವಂತೆ. ಮದುವೆಯನ್ನು ವೀರೇಶ ತನ್ನ ಚಾನೆಲ್ಲಿನಲ್ಲಿ ನೇರ ತೋರಿಸುತ್ತಿದ್ದ. ಅಕ್ಷತೆ ಮುಗಿದ ಮೇಲೆ ಊಟಕ್ಕೆ ಎದ್ದುಹೋದ, ಕ್ಯಾಮರಾವನ್ನೂ ಮೈಕನ್ನೂ ಭೂಮದ ಕೋಣೆಯ ಬಾಗಿಲಲ್ಲಿ ಹಾಗೇ ಬಿಟ್ಟು. ಮಾನ್ವಿಯ ಮನೆಮನೆಯ ಟೀವಿಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಹನುಮವ್ವನ ಹಾಡು ಮೊದಲಿಂದ ಕೊನೆಯವರೆಗೂ ಬಂತು.

ಖರೇ ಹೇಳಬೇಕೆಂದರೆ ಪ್ರತಿ ತರಿಸಿ ಕೇಳಿದಾಗ ನಾನು ಸೆರಗು ಬಾಯಿಗೆ ಹಿಡಿದು ನಕ್ಕೆ. ನನ್ನ ಮದುವೆಯಲ್ಲೂ ಇಂಥದ್ದೇ ಹಾಡು ಕೇಳಿ ನನ್ನ ಅಪ್ಪ ಮುಖ ತಗ್ಗಿಸಿ ನಕ್ಕಿದ್ದ. ಆದರೆ ನಗು ಬಹಳ ಹೊತ್ತು ಉಳಿಯಲಿಲ್ಲ. ಆ ಹಾಡಿನ ತುಂಡನ್ನು ಯಾರೋ ಮೊಬೈಲಿಗೆ ಇಳಿಸಿಕೊಂಡಿದ್ದರು. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಪಡ್ಡೆ ಹುಡುಗರು ಕಾಲೇಜಿಗೆ ಹೋಗುವ ಹುಡುಗಿಯರ ಹಿಂದೆ ಅದನ್ನು ಜೋರಾಗಿ ಹಚ್ಚತೊಡಗಿದರು. ಹೆಸರಿನ ಜಾಗದಲ್ಲಿ ತಮಗೆ ಬೇಕಾದ ಹೆಸರು ಸೇರಿಸಿ ಕೂಗತೊಡಗಿದರು. ಶರಣಪ್ಪ ಸಾವ್ಕಾರರ ಮೊಮ್ಮಗಳು ಒಂದು ದಿನ ಅಳುತ್ತ ಮನೆಗೆ ಬಂದಳು, ಮತ್ತೆ ಬಸ್ಸಿನಲ್ಲಿ ಹೋಗುವುದಿಲ್ಲ ಎಂದಳು. ಸಾವ್ಕಾರರು ಮರುದಿನವೇ ಕಚೇರಿಗೆ ಬಂದರು.

"ಅಕ್ಕೋರ, ಈ ಸಲ ಎಚ್ಚರಿಕಿ ಗಿಚ್ಚರಿಕಿ ನಡಿಯಂಗಿಲ್ಲ. ತೋರಿಸಿದವಂದು ಯಂತ್ರ ಹೋಗಬೇಕು. ಹಾಡಿದಾಕಿ ಮ್ಯಾಲ ಪೊಲೀಸ್ ಕೇಸ್ ಆಗಬೇಕು."

"ಸಾವ್ಕಾರ್ರ, ಆಕಿ ಮದುವಿ ಮನ್ಯಾಗ ಹಾಡ್ಯಾಳ. ಟೀವಿಗೆ ಹಾಡಿಲ್ರಿ."

"ಹಾಡೋ ಬಾಯಿ ಇದ್ದದ್ದಕ್ಕ ಅಲ್ಲೇನ್ರಿ ಟೀವಿಗೆ ಬಂದದ್ದು? ಒಮ್ಮಿ ಬಿಸಿ ಮುಟ್ಟಬೇಕು. ನನ್ನ ಮೊಮ್ಮಗಳು ಅತ್ತಳ್ರಿ, ಅಕ್ಕೋರ."

ಕೊನೆಯ ಮಾತು ಹೇಳುವಾಗ ಅವರ ಧ್ವನಿ ಒಡೆಯಿತು. ನಾನು ಪೆನ್ನು ತೆಗೆದು ದೂರನ್ನು ಬರೆದುಕೊಂಡೆ.

ವಿಚಾರಣೆ ಆಗುವವರೆಗೆ ಚಾನೆಲ್ಲಿನಲ್ಲಿ ಕ್ಷಮೆ ಕೇಳಬೇಕೆಂದು ವೀರೇಶನಿಗೆ ಆದೇಶ ಹೋಯಿತು. ಅವನು ಕೇಳಿದ. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕ್ಯಾಮರಾ ಮುಂದೆ ಕೈಮುಗಿದು, "ಮೊನ್ನೆ ನಮ್ಮಿಂದ ಈ ಕೆಳಗಿನ ಹಾಡು ಪ್ರಸಾರ ಆಗಿದ್ದಕ್ಕೆ ವಿಷಾದಿಸುತ್ತೇವೆ" ಎಂದ. ಆಮೇಲೆ ಆ ಹಾಡನ್ನು ಪೂರ್ತಿ ಹಚ್ಚಿದ. ನೋಡಿದವರಿಗೆ ಯಾವ ಹಾಡಿಗೆ ಕ್ಷಮೆ ಎಂದು ತಿಳಿಯಬೇಕಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮೊದಲ ಸಲ ಕೇಳದೇ ಉಳಿದವರೂ ಈಗ ಕೇಳಿದರು. ನಾನು ಉಗ್ರಾಣದ ಕೋಣೆಯಲ್ಲಿ ಅದನ್ನು ನೋಡಿ ಕುರ್ಚಿಯ ಕೈ ಹಿಡಿದುಕೊಂಡೆ. ಮಳ್ಳ ಹುಡುಗ, ತಾನೂ ಮುಳುಗಿದ, ಮುದುಕಿಯನ್ನೂ ಮುಳುಗಿಸಿದ.

ಆ ವಾರವೇ ಹನುಮವ್ವ ನನ್ನನ್ನು ಹುಡುಕಿಕೊಂಡು ದೇವದುರ್ಗದ ಬಸ್ಸು ಹತ್ತಿ ರಾಯಚೂರಿಗೆ ಬಂದಳು. ಜತೆಗೆ ತಂಗಿ. ಇಬ್ಬರೂ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು, ಒಳಗೆ ಬರಲು ಅಂಜಿ. ನಾನು ಹೊರಗೆ ಹೋಗಿ ಕರೆದೆ. ಕರೀ ಸಣ್ಣ ದೇಹ, ಒಣಗಿದ ಹತ್ತಿಕಾಯಿಯ ಸಿಪ್ಪೆ ಚುಚ್ಚಿ ಬಿರುಕು ಬಿಟ್ಟ ಬೆರಳು. ಅಂಥ ಹಾಡು ಈ ಬಾಯಿಂದ ಬಂತೇ ಅನಿಸಿತು.

"ಯವ್ವಾ, ನನ್ನ ಜೈಲಿಗೆ ಹಾಕ್ತಾರೇನ್ರಿ?"

"ಹಂಗೇನೂ ಇಲ್ಲ ಹನುಮವ್ವ. ವಿಚಾರಣಿ ಮಾಡ್ತಾರ, ಅಷ್ಟ."

"ಊರಾಗ ಅನ್ನಾಕತ್ತಾರ್ರಿ, ಪೊಲೀಸ್ರು ಬರ್ತಾರ ಅಂತ. ಜೀಪಿನ ಸದ್ದು ಕೇಳಿದ್ರ ಎದಿ ಹಾರ್ತದ. ಹೊಲಕ್ಕ ಹೋಗಿಲ್ಲ. ನಮ್ಮವ್ವ ಹಾಡಿದ್ದು, ನಮ್ಮವ್ವನ ಅವ್ವ ನಮ್ಮಾಯಿ ಹಾಡಿದ್ದು. ನಾ ಒಂದು ಮಾತು ಕೂಡಸಿಲ್ರಿ."

ತಂಗಿ ನಡುವೆ ಬಾಯಿ ಹಾಕಿದಳು. "ಕೂಡಸ್ಯಾಳ್ರಿ. ಬೀಗರ ಬುಲೆಟ್ ಗಾಡಿದು ಆಕಿ ಕಟ್ಟಿದ್ದು."

"ನೀ ಸುಮ್ನಿರಬೇ" ಎಂದಳು ಹನುಮವ್ವ. ನನಗೆ ಅಷ್ಟು ಸಂಕಟದಲ್ಲೂ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. ಏನೂ ಆಗುವುದಿಲ್ಲ ಎಂದು ಬಾಯಲ್ಲಿ ಹೇಳಿ ಕಳಿಸಿದೆನಾದರೂ ನನಗೇ ಅದು ಗೊತ್ತಿರಲಿಲ್ಲ. ಕೇಬಲ್ಲಿನ ಕಾಯಿದೆ ತೋರಿಸಿದವನನ್ನು ಹಿಡಿಯುತ್ತದೆ, ಸರಿ. ಆದರೆ ಅಶ್ಲೀಲವಾಗಿ ಹಾಡಿದರು ಎಂದು ಪೊಲೀಸರು ಬೇರೆ ದಾರಿಯಲ್ಲಿ ಅವಳನ್ನು ಎಳೆಯಬಹುದಿತ್ತು. ಸಮಿತಿ ಒಂದು ಸಾಲು ಬರೆದರೆ ಸಾಕು. ಆ ಸಾಲು ನನ್ನ ಕೈಯಿಂದಲೇ ಟೈಪಾಗಬೇಕು. ಆ ದಿನಗಳಲ್ಲಿ ನಾನು ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿರುತ್ತಿರಲಿಲ್ಲ.

ವಿಚಾರಣೆಯ ದಿನ ಸಮಿತಿಯ ಕೋಣೆ ತುಂಬಿತ್ತು. ಸಾವ್ಕಾರರ ಜತೆ ಮಠದ ಭಕ್ತರೂ ಮಸೀದಿಯ ಹಿರಿಯರೂ ಬಂದು ಗೋಡೆಗುಂಟ ಕೂತಿದ್ದರು. ಹಿರಿಯ ಅಧಿಕಾರಿಗಳು, ಬರೆದಿಳಿಸಿದ್ದನ್ನು ಓದಿ ಎಂದು ನನಗೆ ಹೇಳಿದರು. ನಾನು ಎದ್ದು ನಿಂತೆ. ಹನುಮವ್ವ ಬಾಗಿಲ ಬಳಿ ನೆಲದ ಮೇಲೆ ಕೂತಿದ್ದಳು, ಕುರ್ಚಿ ಕೊಟ್ಟರೂ ಒಲ್ಲೆ ಎಂದಿದ್ದಳು. ಕಚೇರಿಯ ಧ್ವನಿಯಲ್ಲಿ, ರಾಗ ಇಲ್ಲದೆ, ಮೊದಲ ಎರಡು ಸಾಲು ಓದಿದೆ. ಹಾಡಿನಲ್ಲಿ ನಗು ಬರಿಸಿದ್ದು ನನ್ನ ಬಾಯಲ್ಲಿ ಹೊಲಸಾಗಿ ಕೇಳಿಸಿತು. ನನಗೇ ಅಸಹ್ಯವಾಯಿತು. ಮೂರನೆಯ ಸಾಲಿಗೆ ನಾಲಿಗೆ ಏಳಲಿಲ್ಲ.

"ನೋಡಿದ್ರೇನ್ರಿ" ಎಂದರು ಸಾವ್ಕಾರರು. "ಸರಕಾರಿ ಅಕ್ಕೋರಿಗೇ ಓದಾಕ ಆಗವಲ್ದು. ಇದಕ್ಕ ಇನ್ನೇನು ಸಾಕ್ಷಿ ಬೇಕು?"

ಮಹಿಳಾ ಕಾಲೇಜಿನ ಪ್ರಿನ್ಸಿಪಾಲರು ಮಾತಾಡಿದರು. "ಸಾವ್ಕಾರ್ರ, ಹುಡುಗ್ಯಾರಿಗೆ ಕಾಡಿದ್ದು ಈಕಿ ಅಲ್ಲ. ಬಸ್ ಸ್ಟ್ಯಾಂಡಿನ್ಯಾಗ ಕಾಡಿದವ್ರು ಇಲ್ಲಿ ಯಾರ ಅದಾರ? ಅವ್ರನ್ನ ಬಿಟ್ಟು ಈ ಮುದುಕಿನ್ನ ಹಿಡಿಯೋದು ಯಾವ ಧರ್ಮ?"

"ಅವ್ರನ್ನೂ ಹಿಡೀರಿ. ಬ್ಯಾಡ ಅಂದೋರು ಯಾರು? ಆದ್ರ ಮನಿ ಒಳಗಿಂದು ಬೀದಿಗಿ ಬಂದ್ರ ಅದು ಅಸಹ್ಯನ. ಒಂದೊಂದು ಮನಿ ಮುಂದ ನಿಂತು ಕಾಯಾಕ ಆಗಂಗಿಲ್ರಿ ನಮಗ. ಬೇರು ಕಡಿಬೇಕು."

ಪೊಲೀಸ್ ಅಧಿಕಾರಿಗಳಿಗೆ ಬೇಸರ ಬಂದಿತ್ತೋ ಏನೋ, ಹನುಮವ್ವನ ಕಡೆ ತಿರುಗಿ, ಹಾಗಾದರೆ ನೀನೇ ಒಮ್ಮೆ ಹಾಡಿ ತೋರಿಸು, ಹೇಗಿತ್ತೆಂದು ಎಲ್ಲರಿಗೂ ಗೊತ್ತಾಗಲಿ ಎಂದರು. ಅವಳು ಹಾಡಿದರೆ ಮುಗಿಯಿತು, ಇಷ್ಟು ಮಂದಿಯ ಎದುರು ಹಾಡಿದ್ದೇ ಇನ್ನೊಂದು ಕೇಸಾಗುತ್ತದೆ. ಹಾಡದಿದ್ದರೆ ಸರಕಾರದ ಮಾತು ಮೀರಿದಳು ಎನ್ನುತ್ತಾರೆ. ಅವಳಿಗೆ ಸನ್ನೆ ಮಾಡಬೇಕೆಂದರೆ ಎಲ್ಲರ ಕಣ್ಣೂ ಆ ಕಡೆಗೇ ಇತ್ತು.

ಹನುಮವ್ವ ಸೆರಗು ಬಿಗಿ ಮಾಡಿಕೊಂಡು ಎದ್ದು ನಿಂತಳು.

"ಹಾಡಾಕ ಬರಂಗಿಲ್ಲ ಯಪ್ಪಾ. ಇಲ್ಲಿ ನನಗ ಯಾರೂ ಬೀಗರಿಲ್ಲ. ಬೀಗರಿಲ್ಲದಲ್ಲಿ ಹಾಡಿದ್ರ ಅದು ಬೈದಂಗ. ನೀವು ದೊಡ್ಡವ್ರು, ನಿಮ್ಮನ್ಯಾಕ ಬೈಲಿ?"

ಅವಳು ಸಾವ್ಕಾರರ ಕಡೆ ತಿರುಗಿದಳು.

"ಸಾವ್ಕಾರ್ರ, ನಿಮ್ಮ ಮೊಮ್ಮಗಳು ಅತ್ತಳಂತ. ಆಕಿಗೆ ನಾ ಹಾಡಿಲ್ರಿ. ಆದ್ರ ನನ್ನ ಹಾಡು ಆಕಿನ್ನ ಬೈತು. ಅದು ಖರೇ. ಅದಕ್ಕ ನಾ ಏನು ಮಾಡ್ಲಿ, ನೀವ ಹೇಳ್ರಿ."

ಸಾವ್ಕಾರರು ಮೇಜಿನ ಮೇಲಿನ ನೀರಿನ ಲೋಟವನ್ನು ಆಚೆ ಈಚೆ ಸರಿಸಿದರು. ಅವರ ಮನಸ್ಸು ಕರಗಿತು ಎಂದು ನೀವು ತಿಳಿಯಬೇಡಿ. "ಹಂಗಂದ ಮಾತ್ರಕ್ಕ ಬಿಡಾಕ ಆಗ್ತದೇನು" ಎಂದು ಪಕ್ಕದವರಿಗೆ ಅಂದದ್ದು ನನಗೆ ಕೇಳಿಸಿತು. ಕೊನೆಗೆ ವೀರೇಶನ ಯಂತ್ರಕ್ಕೆ ಮೊಹರು ಬಿತ್ತು. ಬಸ್ ಸ್ಟ್ಯಾಂಡಿನಲ್ಲಿ ಪೊಲೀಸರನ್ನು ನಿಲ್ಲಿಸುವ ಮಾತಾಯಿತು. ಹನುಮವ್ವನ ಬಗ್ಗೆ ಹಿರಿಯ ಅಧಿಕಾರಿಗಳು ಹೇಳಿ ಬರೆಸಿದರು: 'ಹಾಡಿದವರ ಮೇಲೆ ಸದ್ಯಕ್ಕೆ ಕ್ರಮ ಬೇಡ.'

ಹೊಸಬರೇ, ಕಚೇರಿಯ ಭಾಷೆಯಲ್ಲಿ ಇದಕ್ಕಿಂತ ಕೆಟ್ಟ ಸಾಲು ಇಲ್ಲ. ಸದ್ಯಕ್ಕೆ ಬೇಡ ಎಂದರೆ ನಾಳೆ ಬೇಕಾಗಬಹುದು ಎಂದು. ಆ ಪದ ತೆಗೆಯೋಣ ಸಾರ್ ಎಂದು ನಾನು ಎರಡು ಸಲ ಕೇಳಿದೆ. ಇರಲಿ ಬಿಡ್ರಿ ಎಂದರು. ಹನುಮವ್ವನಿಗೆ ಅದನ್ನು ಓದಿ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಸದ್ಯಕ್ಕ ಅಂದ್ರ ಎಲ್ಲೀ ತನ ಯವ್ವಾ?" ನಾನು ಸರಕಾರದ ಸಂಬಳ ಉಂಡವಳು, ಕಡತ ಕಟ್ಟಿ ಎತ್ತಿಟ್ಟೆ.

ವೀರೇಶ ಆಮೇಲೆ ಯಂತ್ರ ಬಿಡಿಸಿಕೊಂಡ, ಈಗ ಮೊಬೈಲಿನಲ್ಲೇ ಚಾನೆಲ್ ನಡೆಸುತ್ತಾನೆ. ಹನುಮವ್ವ ಮಾತ್ರ ಹಾಡುವುದನ್ನು ಬಿಟ್ಟಳು ಎಂದು ಕೇಳಿದೆ. ಮದುವೆಗೆ ಕರೆದರೆ ಮೈಯಲ್ಲಿ ಹುಷಾರಿಲ್ಲ ಅನ್ನುತ್ತಾಳಂತೆ. ನಾನು ನಿವೃತ್ತಳಾದೆ. ಹಾರ ಹಾಕಿದರು, ಶಾಲು ಹೊದಿಸಿದರು. ಆ ಸಾಲು ಕಡತದಲ್ಲಿ ಹಾಗೇ ಉಳಿಯಿತು, ನನ್ನೊಳಗೂ.

ಇನ್ನು ಮುಂದಿನದು ನೌಕರಿ ಮುಗಿದ ಮೇಲೆ ಆದದ್ದು. ಆದರೂ ಇದು ನೌಕರಿಯದೇ ಭಾಗ.

ಕಳೆದ ಬೇಸಿಗೆಯಲ್ಲಿ ಶರಣಪ್ಪ ಸಾವ್ಕಾರರ ಮೊಮ್ಮಗಳ ಮದುವೆ, ಅದೇ ಅತ್ತಿದ್ದ ಹುಡುಗಿಯದು. ವರ ಯಾರು ಎಂದಿರಿ? ಅದೇ ದೇವದುರ್ಗದ ಗೌಡರ ಕಿರಿಯ ಮಗ. ಹಾಡಿನ ಗಲಾಟೆಯಲ್ಲಿ ಗೌಡರ ಮನೆಗೆ ಜಗಳಕ್ಕೆಂದು ಹೋಗಿದ್ದ ಸಾವ್ಕಾರರಿಗೆ ಅಲ್ಲಿ ನೀರು ತಂದುಕೊಟ್ಟ ಹುಡುಗ ಕಣ್ಣಿಗೆ ಬಿದ್ದಿದ್ದ. ಜಗಳಕ್ಕೆ ಹೋದವರು ಬೀಗರಾಗಿ ಬಂದರು. ಪೋತ್ನಾಳದಲ್ಲಿ ಗಿರಣಿಯ ಅಂಗಳದಲ್ಲೇ ಚಪ್ಪರ. ನನಗೂ ಕರೆ ಬಂತು, ಹೋದೆ.

ಭೂಮದ ಎಡೆ ಸಿದ್ಧವಾಯಿತು. ಸುತ್ತ ಎಲ್ಲರೂ ಕೂತರು. ಗಂಡಿನ ಕಡೆಯ ಹೆಂಗಸರ ಗುಂಪಿನಲ್ಲಿ ಹಿಂದೆ, ಗೋಡೆಗೆ ಒರಗಿ ಹನುಮವ್ವ ಕೂತಿದ್ದಳು. ಗೌಡರ ಹೆಂಡತಿ ಬಲವಂತ ಮಾಡಿ ಕರೆತಂದಿದ್ದರು. ಹಾಡು ಎಂದರು. ಅವಳು ತಲೆ ತಗ್ಗಿಸಿದಳು. ಇನ್ನೊಮ್ಮೆ ಎಂದರು. ಅವಳ ಕಣ್ಣು ಕೋಣೆಯ ತುಂಬ ತಿರುಗಿತು. ಎಲ್ಲ ಕೈಯಲ್ಲೂ ಮೊಬೈಲು. ಬಾಗಿಲಲ್ಲಿ ಬಾಡಿಗೆಯ ಕ್ಯಾಮರಾದವನು. ಆಮೇಲೆ ಅವಳ ಕಣ್ಣು ನನ್ನ ಮೇಲೆ ನಿಂತಿತು. ಗುರುತು ಹಿಡಿದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

"ಹಾಡಿಲ್ಲದ ಭೂಮ ಮುಟ್ಟಂಗಿಲ್ಲ. ಮಕ್ಕಳು ಹಸಿದು ಕುಂತಾವ" ಎಂದರು ಗೌಡರ ಹೆಂಡತಿ, ಈ ಸಲ ಸಿಟ್ಟಿನಿಂದ. ಬೇರೆ ಹೆಂಗಸರು, ಇದು ಸಾವ್ಕಾರರ ಮನೆ, ಹಾಡಿದರೆ ಏನಾದೀತೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು. ಅನ್ನ ಆರುತ್ತಿತ್ತು. ಮದುಮಗಳ ಕಣ್ಣಲ್ಲಿ ಮತ್ತೆ ನೀರು ಬಂದದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಬಾಗಿಲಿಗೆ ಸಾವ್ಕಾರರು ಬಂದರು. ಯಾರೋ ಹೋಗಿ ಹೇಳಿರಬೇಕು. ಹನುಮವ್ವನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಈಗ ಎಲ್ಲರ ಎದುರು ಏನನ್ನುತ್ತಾರೋ ಎಂದು ನನಗೆ ಹೆದರಿಕೆ. ಅವರು ಜೇಬಿಗೆ ಕೈ ಹಾಕಿ ತಮ್ಮ ಮೊಬೈಲು ತೆಗೆದು, ಬಾಗಿಲ ಬಳಿ ಇದ್ದ ಅಕ್ಕಿ ಕೇರುವ ಮೊರದಲ್ಲಿ ಇಟ್ಟರು.

"ಎಲ್ಲಾರೂ ಫೋನು ಇದರಾಗ ಹಾಕ್ರಿ. ಏ ತಮ್ಮಾ, ಕ್ಯಾಮರಾ ಬಂದ್ ಮಾಡಿ ಊಟಕ್ಕ ನಡಿ. ಕ್ಯಾಮರಾ ಸಂಗಾಟ ಒಯ್ಯಿ, ಇಲ್ಲಿ ಬಿಡಬ್ಯಾಡ."

ಮೊರ ಕೋಣೆಯ ತುಂಬ ತಿರುಗಿತು. ನಾನೂ ನನ್ನದನ್ನು ಹಾಕಿದೆ. ಆದರೂ ಹನುಮವ್ವ ನನ್ನನ್ನೇ ನೋಡುತ್ತಿದ್ದಳು. ನನಗೆ ಅರ್ಥವಾಯಿತು, ಸಾವ್ಕಾರರಿಗೂ ಆಗಿರಬೇಕು.

"ಅಕ್ಕೋರ, ಬರ್ರಿ" ಎಂದರು. "ನಾವಿಬ್ಬರೂ ಹೊರಗ ಕೂಡೋಣು."

ನಾನು ಎದ್ದು ಹೊರಗೆ ಬಂದೆ. ಹಿಂದೆ ಬಾಗಿಲು ಹಾಕಿದರು. ಚಪ್ಪರದ ಕುರ್ಚಿಗಳಲ್ಲಿ ಇಬ್ಬರೂ ಕೂತೆವು, ನಡುವೆ ಎಲೆ ಅಡಿಕೆಯ ತಟ್ಟೆ. ಒಳಗೆ ಸದ್ದಿಲ್ಲ. ಯಾರಾದರೂ ಎರಡನೆಯ ಫೋನು ಸೊಂಟದಲ್ಲಿ ಇಟ್ಟುಕೊಂಡಿದ್ದರೆ ಎಂದು ನನಗೆ ಮತ್ತೆ ಹೆದರಿಕೆ. ಸಾವ್ಕಾರರು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು, ಬಾಯಿಗೆ ಹಾಕಲಿಲ್ಲ.

ಆಮೇಲೆ ಮುಚ್ಚಿದ ಬಾಗಿಲ ಹಿಂದಿನಿಂದ ಧ್ವನಿ ಬಂತು. ಮೊದಲು ಸಣ್ಣಗೆ, ಹೆದರಿಕೊಂಡೇ.

ಊರಿಗೆಲ್ಲಾ ಬುದ್ಧಿ ಹೇಳೂ ಗಿರಣಿ ಶರಣಪ್ಪ
ಹಾಸಿಗಿ ಹಾಸೂ ಹೊತ್ತಿಗಿ ಹೆಂಡ್ತಿ ಕಾಲ ಹಿಡಿದಾನಪ್ಪ

ಒಳಗೆ ಹೆಂಗಸರ ನಗು ಒಮ್ಮೆಲೇ ಒಡೆಯಿತು. ಮುಂದಿನದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದಿಳಿಸುವ ನೌಕರಿ ಮುಗಿಯಿತು. ಸಾವ್ಕಾರರು ಚಪ್ಪರದ ಗಳ ನೋಡುತ್ತ ಕೂತಿದ್ದರು, ಕಿವಿ ಕೆಂಪಾಗಿತ್ತು.

"ಏನೋ ಹಾಡಾಕತ್ತಾರ" ಎಂದರು.

"ನನಗ ಕೇಳಸವಲ್ದು ಸಾವ್ಕಾರ್ರ" ಎಂದೆ.

"ನನಗೂ ಕೇಳಸವಲ್ದು."

ಹಾಡು ಮುಗಿಯಿತು. ಅವರು ಎದ್ದು ಮನೆಯೊಳಗೆ ಹೋಗಿ ಒಂದು ಹಸಿರು ಕುಬಸದ ಕಣ ತಂದರು. ತಟ್ಟೆಯ ಎಲೆ ಅಡಿಕೆಯ ಮೇಲೆ ಅದನ್ನಿಟ್ಟು ನನ್ನ ಕೈಗೆ ಕೊಟ್ಟರು.

"ಒಳಗ ಕೊಡ್ರಿ, ಅಕ್ಕೋರ. ನಾ ಏನೂ ಕೇಳಿಲ್ಲ ಅನ್ರಿ."

ನಾನು ಬಾಗಿಲು ತಟ್ಟಿ ಒಳಗೆ ಹೋದೆ. ಹನುಮವ್ವ ತಟ್ಟೆ ನೋಡಿದಳು, ತೆಗೆದುಕೊಳ್ಳಲು ಕೈ ಮುಂದೆ ಮಾಡಲಿಲ್ಲ.

"ಸಾವ್ಕಾರ್ರು ಕೇಳಿದ್ರೇನ್ರಿ?"

"ಇಲ್ಲವ್ವ" ಎಂದೆ. "ಅವ್ರು ಏನೂ ಕೇಳಿಲ್ಲ."

ಅವಳು ಕಣವನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನಕ್ಕಳು. ಅಷ್ಟು ಸಲ ನೋಡಿದ್ದೆ, ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.